ಪರದೆ ಕಪ್ಪಾದರೆ ಕಿವಿ, ಕಿವಿ ಸೋತರೆ ಟಾರ್ಚು

ಬಟನ್ ಒತ್ತಿದರೆ ಫ್ಯಾನು ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪು. ಯಂತ್ರ ಜಟಿಲವಾದಂತೆಲ್ಲ ಇಂಥ ತೊಂದರೆಯ ಮೂಲ ಹುಡುಕುವುದೂ ಕಷ್ಟವಾಯಿತು ಎನ್ನುವವರು ಬಹಳ. ನಾಲ್ಕು ದಶಕಗಳ ಚರಿತ್ರೆ ನೋಡಿದರೆ ಇದು ಅರ್ಧ ಸತ್ಯ. ಕಾರಣಗಳು ಅಂದಿಗೂ ಇಂದಿಗೂ ಬಹುಮಟ್ಟಿಗೆ ಅವೇ: ವಿದ್ಯುತ್ತು, ಮೆಮೊರಿ, ಗ್ರಾಫಿಕ್ಸ್, ಕೇಬಲ್, ಪರದೆಯ ಹಿಂದಿನ ಬೆಳಕು. ಇವುಗಳಲ್ಲಿ ಕೆಟ್ಟದ್ದು ಯಾವುದೆಂದು ಹೊರಗಿನವರು ಕಂಡುಕೊಳ್ಳಲು ಇದ್ದ ದಾರಿಗಳು ಮಾತ್ರ ಒಂದೊಂದಾಗಿ ಮುಚ್ಚಿಹೋದವು.

1981ರ ಆಗಸ್ಟ್‌ನಲ್ಲಿ ಬಂದ ಐಬಿಎಂ ಪಿಸಿಯನ್ನು ರೂಪಿಸಿದವರು ಒಂದು ಸರಳ ಸಂಗತಿಯನ್ನು ಮೊದಲೇ ಯೋಚಿಸಿದ್ದರು. ಪರದೆಯ ಭಾಗವೇ ಕೆಟ್ಟರೆ ಆ ಸುದ್ದಿಯನ್ನು ಪರದೆಯ ಮೇಲೆ ತೋರಿಸಲಾಗದು. ಆದ್ದರಿಂದ ಯಂತ್ರ ಆನ್ ಆದೊಡನೆ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಫಲಿತಾಂಶವನ್ನು ಸದ್ದಿನಲ್ಲಿ ಹೇಳುತ್ತಿತ್ತು. ಒಂದು ಚಿಕ್ಕ ಬೀಪ್ ಎಂದರೆ ಎಲ್ಲ ಸರಿ. ಒಂದು ಉದ್ದ, ಎರಡು ಚಿಕ್ಕ ಬೀಪ್ ಎಂದರೆ ಡಿಸ್‌ಪ್ಲೇ ಕಾರ್ಡಿನಲ್ಲಿ ದೋಷ. ಇಷ್ಟೇ ಅಲ್ಲ, ಬೋರ್ಡಿನ ಸರ್ಕ್ಯೂಟ್ ನಕ್ಷೆಯನ್ನೂ, ಯಂತ್ರವನ್ನು ಚಾಲೂ ಮಾಡುವ ತಂತ್ರಾಂಶವಾದ ಬಯಾಸ್‌ನ ಸಾಲುಸಾಲು ಕೋಡನ್ನೂ ಕಂಪನಿ ತನ್ನ ತಾಂತ್ರಿಕ ಕೈಪಿಡಿಯಲ್ಲೇ ಅಚ್ಚು ಹಾಕಿತ್ತು. ಇದನ್ನು ಔದಾರ್ಯ ಎನ್ನಬೇಕಿಲ್ಲ. ಬೇರೆಯವರೂ ತನ್ನ ಯಂತ್ರಕ್ಕೆ ಕಾರ್ಡು ಮಾಡಲಿ ಎಂಬ ವ್ಯಾಪಾರದ ಲೆಕ್ಕವೂ ಅದರಲ್ಲಿತ್ತು. ಲಾಭವಾದದ್ದು ರಿಪೇರಿಯವರಿಗೂ ಹೌದು.

ಲ್ಯಾಪ್‌ಟಾಪ್ ಬಂದಾಗ ಕಿವಿಯ ಜೊತೆಗೆ ಕಣ್ಣಿಗೂ ಕೆಲಸ ಬಂತು. ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ. 1990ರ ದಶಕದಿಂದ ಬಹುಕಾಲ ಅದರ ಹಿಂದೆ ಉರಿಯುತ್ತಿದ್ದದ್ದು ತೆಳ್ಳನೆಯ ಫ್ಲೋರೊಸೆಂಟ್ ಕೊಳವೆ. ಅದಕ್ಕೆ ಬೇಕಾದ ನೂರಾರು ವೋಲ್ಟನ್ನು ಕೊಡುತ್ತಿದ್ದದ್ದು ಇನ್ವರ್ಟರ್ ಎಂಬ ಪುಟ್ಟ ಬೋರ್ಡು. ಇವೆರಡರಲ್ಲಿ ಒಂದು ಕೆಟ್ಟರೂ ಚಿತ್ರ ಇದ್ದೇ ಇರುತ್ತದೆ, ಬೆಳಕು ಮಾತ್ರ ಇಲ್ಲ. ಪರದೆಗೆ ಓರೆಯಾಗಿ ಟಾರ್ಚು ಹಿಡಿದರೆ ಮಸುಕಾಗಿ ಐಕಾನ್‌ಗಳು ಕಾಣುತ್ತವೆ. ಹೊರಗಿನ ಮಾನಿಟರ್ ಜೋಡಿಸಿದಾಗ ಅದರಲ್ಲಿ ಚಿತ್ರ ಬಂದರೆ ದೋಷ ಪರದೆಯ ಕಡೆಗೆ. ಬರದಿದ್ದರೆ ಮೆಮೊರಿ ಪಟ್ಟಿಯನ್ನು ತೆಗೆದು ಹಾಕಿ ನೋಡಬೇಕು. ಕಳಚಬಹುದಾದ ಪ್ರತಿ ಜೋಡಣೆಯೂ ಹೀಗೆ ಒಂದೊಂದು ಪ್ರಶ್ನೆಗೆ ಉತ್ತರ ಕೊಡುತ್ತಿತ್ತು. ಮುಂದೆ ಎಲ್‌ಇಡಿ ಬಂದು ಕೊಳವೆಯೂ ಇನ್ವರ್ಟರೂ ಹೋದವು. ಅನೇಕ ಮಾದರಿಗಳಲ್ಲಿ ಮೆಮೊರಿ ಬೋರ್ಡಿಗೇ ಬೆಸುಗೆಯಾಯಿತು, ಬ್ಯಾಟರಿ ಒಳಗೆ ಸೇರಿತು.

ಕಳಚಿ ನೋಡುವ ದಾರಿ ಹೀಗೆ ಕಿರಿದಾದ ಮೇಲೆ ಮಾಹಿತಿಯೂ ತಯಾರಕರ ಬಳಿಯೇ ಉಳಿದರೆ ಏನಾಗುತ್ತದೆ ಎನ್ನುವುದಕ್ಕೆ 2008 ಒಳ್ಳೆಯ ಸಾಕ್ಷಿ. ಎನ್‌ವಿಡಿಯಾದ ಗ್ರಾಫಿಕ್ಸ್ ಚಿಪ್ ಇದ್ದ ಹಲವು ಲ್ಯಾಪ್‌ಟಾಪ್‌ಗಳ ಪರದೆ ಕಪ್ಪಾಗುತ್ತಿತ್ತು. ಯುರೋಪಿನ ನಿಯಮದಂತೆ 2006ರ ಜುಲೈಯಿಂದ ಬಂದ ಸೀಸವಿಲ್ಲದ ಬೆಸುಗೆಯೇ ಕಾರಣವೆಂದು ಅನೇಕರು ಊಹಿಸಿ, ಚಿಪ್ಪಿಗೆ ಬಿಸಿಗಾಳಿ ಊದಿದರು. ಪರದೆ ಬೆಳಗುತ್ತಿತ್ತು, ಸ್ವಲ್ಪ ಕಾಲದಲ್ಲೇ ಮತ್ತೆ ಕಪ್ಪು. ಚಿಪ್ಪಿನ ಪ್ಯಾಕೇಜಿನೊಳಗಿನ ಸಾಮಗ್ರಿಯೇ ದುರ್ಬಲವೆಂದು ಹೇಳಿ 15ರಿಂದ 20 ಕೋಟಿ ಡಾಲರನ್ನು ಅದಕ್ಕಾಗಿ ಎತ್ತಿಡುವುದಾಗಿ ಕಂಪನಿ ಪ್ರಕಟಿಸಿದ್ದು 2008ರ ಜುಲೈನಲ್ಲಿ. ರಿಪೇರಿಯವರ ಕೈಯಲ್ಲಿ ನೈಪುಣ್ಯ ಇರಲಿಲ್ಲವೆಂದಲ್ಲ, ಚಿಪ್ಪಿನ ಒಳಗಿನ ವಿಷಯ ಅವರವರೆಗೆ ಬಂದಿರಲಿಲ್ಲ. 2016ರ 13 ಇಂಚಿನ ಮ್ಯಾಕ್‌ಬುಕ್ ಪ್ರೋದಲ್ಲಿ ಕಥೆ ಇನ್ನೂ ವಿಚಿತ್ರ. ಮುಚ್ಚಳ ತೆರೆದು ಮುಚ್ಚಿದಂತೆ ಒಂದು ತೆಳು ಕೇಬಲ್ ಸವೆದು ಹಿಂಬೆಳಕು ಆರುತ್ತಿತ್ತು. ಕೇಬಲ್ ಪರದೆಗೇ ಅಂಟಿಕೊಂಡಿದ್ದರಿಂದ ಬದಲಿಸಬೇಕಾಗಿ ಬಂದದ್ದು ಇಡೀ ಪರದೆ. ಆಪಲ್ 2019ರ ಮೇನಲ್ಲಿ ಉಚಿತ ದುರಸ್ತಿ ಘೋಷಿಸಿತು. 2018ರ ಮಾದರಿಯಲ್ಲಿ ಆ ಕೇಬಲ್ ಸುಮಾರು 2 ಮಿಲಿಮೀಟರ್ ಹೆಚ್ಚು ಉದ್ದವಾಗಿದೆ ಎಂದು ಬಿಚ್ಚಿ ಅಳೆದು ಹೇಳಿದವರು ಹೊರಗಿನವರು.

ಹಳೆಯದನ್ನು ಹೊಗಳುವುದು ಸುಲಭ ಎಂದು ಯಾರಾದರೂ ಆಕ್ಷೇಪಿಸಿದರೆ ಅದರಲ್ಲಿ ಹುರುಳಿದೆ. ಬೀಪ್‌ಗಳ ಭಾಷೆ ಒಂದೇ ಆಗಿರಲಿಲ್ಲ. ಐಬಿಎಂನಲ್ಲಿ ಮೂರು ಸದ್ದಿನಲ್ಲಿ ಮುಗಿಯುತ್ತಿದ್ದ ಡಿಸ್‌ಪ್ಲೇ ದೋಷವನ್ನು ಎಎಂಐ ಎಂಬ ಕಂಪನಿಯ ಬಯಾಸ್ ಎಂಟು ಬೀಪ್‌ಗಳಲ್ಲಿ ಹೇಳುತ್ತಿತ್ತು. ಬಳಕೆದಾರನಿಗೆ ಎರಡೂ ಬರೀ ಗದ್ದಲ. ಆದರೆ ಆ ಗದ್ದಲದ ಪಟ್ಟಿ ಪುಸ್ತಕದಲ್ಲಿ ಸಿಗುತ್ತಿತ್ತು, ಬೀದಿಯ ಮೆಕ್ಯಾನಿಕ್ ಅದನ್ನು ಕಲಿಯಬಹುದಿತ್ತು. ಇಂದಿನ ಯಂತ್ರಗಳೂ ಮೂಕವಲ್ಲ, ಎಚ್‌ಪಿಯಲ್ಲಿ ಕ್ಯಾಪ್ಸ್ ಲಾಕ್ ದೀಪ ಮಿಟುಕುತ್ತದೆ, ಡೆಲ್‌ನಲ್ಲಿ ಬ್ಯಾಟರಿ ದೀಪ ಬಣ್ಣ ಬದಲಿಸುತ್ತದೆ ಎನ್ನಬಹುದು. ನಿಜ. ಲೆನೊವೊದ ಕೆಲವು ಲ್ಯಾಪ್‌ಟಾಪ್‌ಗಳಂತೂ ಪುಟ್ಟ ರಾಗವನ್ನೇ ನುಡಿಸುತ್ತವೆ, ಅದನ್ನು ಬಿಡಿಸಿ ಹೇಳಲು ಫೋನಿನಲ್ಲಿ ಕಂಪನಿಯದೇ ಆ್ಯಪ್ ಬೇಕು. ಅದೂ ಹೇಳುವುದು ಯಾವ ಭಾಗ ಎಂಬಲ್ಲಿಯವರೆಗೆ. ಮೆಮೊರಿಯೂ ಪ್ರೊಸೆಸರೂ ಗ್ರಾಫಿಕ್ಸೂ ಒಂದೇ ಬೋರ್ಡಿನಲ್ಲಿ ಬೆಸೆದಿರುವಾಗ ಆ ಉತ್ತರದಿಂದ ಅಧಿಕೃತ ಸರ್ವೀಸ್ ಸೆಂಟರ್‌ನಲ್ಲಿ ಸಾಮಾನ್ಯವಾಗಿ ಬದಲಾಗುವುದು ಇಡೀ ಬೋರ್ಡು.

ಬೋರ್ಡು ಬದಲಿಸದೆ ರಿಪೇರಿ ಮಾಡುವ ಕೆಲಸ ಈಗ ಉಳಿದಿರುವುದು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆಗಳಲ್ಲಿ, ‘ಚಿಪ್ ಲೆವೆಲ್ ಸರ್ವೀಸ್’ ಎಂಬ ಬೋರ್ಡಿನ ಕೆಳಗೆ. ಅಲ್ಲಿ ಮಲ್ಟಿಮೀಟರ್ ಹಿಡಿದು ಮೊದಲು ಅಡಾಪ್ಟರಿನ 19 ವೋಲ್ಟ್, ಆಮೇಲೆ 3.3 ಮತ್ತು 5 ವೋಲ್ಟ್ ಹಾದಿಗಳು, ಕೊನೆಗೆ ಪ್ರೊಸೆಸರಿನ ವೋಲ್ಟೇಜ್ ನೋಡುತ್ತಾರೆ. ಸ್ಕೀಮ್ಯಾಟಿಕ್, ಅಂದರೆ ಬೋರ್ಡಿನ ಸರ್ಕ್ಯೂಟ್ ನಕ್ಷೆ, ಕೈಗೆ ಸಿಕ್ಕಿದರೆ ಕೆಲಸ ಬೇಗ ಆಗುತ್ತದೆ. ಸಿಗದಿದ್ದರೆ ಅದೇ ಮಾದರಿಯ ಚೆನ್ನಾಗಿರುವ ಇನ್ನೊಂದು ಬೋರ್ಡನ್ನು ಪಕ್ಕದಲ್ಲಿಟ್ಟುಕೊಂಡು ಬಿಂದುಬಿಂದುವಿನ ರೀಡಿಂಗ್ ಹೋಲಿಸಬೇಕು.