ಕಾಲಜ್ಞಾನಿಗಳೂ ಪಾದ್ರಿಗಳೂ

ಗುಳೇದಗುಡ್ಡ ಎಂದೊಡನೆ ನೆನಪಾಗುವುದು ಕುಪ್ಪಸದ ಖಣ. ಮಗ್ಗದ ಸದ್ದಿಗೆ ಹೆಸರಾದ, ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಈ ನೇಕಾರರ ಊರಿನಲ್ಲಿ 1851ರಲ್ಲಿ ಬಾಸೆಲ್ ಮಿಷನ್ ತನ್ನ ಕೇಂದ್ರವೊಂದನ್ನು ತೆರೆಯಿತು ಎಂಬುದು ಅನೇಕರಿಗೆ ತಿಳಿದಿರಲಾರದು. ರೈಲು ಇಲ್ಲದ ಆ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಸಂಸ್ಥೆಯೊಂದು ಬಾದಾಮಿಯ ಬೆಟ್ಟಗಳ ಬಳಿಗೆ ಬಂದದ್ದೇಕೆ? ಬಂದವರ ಮಾತಿಗೆ ಇಲ್ಲಿಯ ಜನ ಹೇಗೆ ಕಿವಿಗೊಟ್ಟರು? ಮತಾಂತರದ ಮಾತು ಬಂದಾಗಲೆಲ್ಲ ‘ಬಲವಂತ’, ‘ಆಮಿಷ’ ಎಂಬ ಶಬ್ದಗಳು ಕೇಳಿಬರುವ ಇಂದಿನ ದಿನಗಳಲ್ಲಿ ಈ ಹಳೆಯ ಕಥೆಯನ್ನು ನೆನೆಯುವುದು ಉಚಿತ.

ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದು ಬ್ರಿಟಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಬೆಟಗೇರಿ ಹೀಗೆ ಅವರ ಕೇಂದ್ರಗಳು ಘಟ್ಟದ ಮೇಲೆ ಬೆಳೆದವು. ಬಂದವರಲ್ಲಿ ಬಹುಪಾಲು ಜನ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು. ಪಾಪದ ಅರಿವು ಮೂಡಿ, ಮನಸ್ಸು ಕರಗಿ, ಒಳಗಿನಿಂದಲೇ ಮನುಷ್ಯ ಬದಲಾಗಬೇಕು ಎಂಬುದು ಅವರ ಪಂಥದ ನಂಬಿಕೆ. ತಲೆ ಎಣಿಸಿ ದೀಕ್ಷಾಸ್ನಾನ ಕೊಡುವುದು ಅವರಿಗೆ ಒಪ್ಪಿಗೆಯಾಗುವಂಥದ್ದಲ್ಲ.

ಇಂಥವರ ಎದುರು ಹುಬ್ಬಳ್ಳಿಯ ಕೇಂದ್ರ ಆರಂಭವಾದ ಹೊಸತರಲ್ಲೇ ಒಂದು ಸೋಜಿಗ ನಡೆಯಿತು. ಜನರನ್ನು ಹುಡುಕಿಕೊಂಡು ಸಂತೆ ಜಾತ್ರೆಗಳಿಗೆ ತಿರುಗುತ್ತಿದ್ದ ಪಾದ್ರಿಗಳನ್ನು ಜನರೇ ಹುಡುಕಿಕೊಂಡು ಬಂದರು. ಮಿಷನ್ ದಾಖಲೆಗಳು ಇವರನ್ನು ‘ಕಾಲಜ್ಞಾನಿಗಳು’ ಎಂದು ಕರೆಯುತ್ತವೆ. ಮುಂದೆ ಬರಲಿರುವ ಕಾಲದ ಸುದ್ದಿ ಹೇಳುವ ಕಾಲಜ್ಞಾನದ ವಚನಗಳು ಉತ್ತರ ಕರ್ನಾಟಕದಲ್ಲಿ ಮನೆಮಾತು. ಕೊಡೇಕಲ್ಲ ಬಸವಣ್ಣನ ಹೆಸರಿನಲ್ಲಿ ಅವು ಇಂದಿಗೂ ಜನರ ನಾಲಗೆಯ ಮೇಲಿವೆ. ಪರದೇಶದಿಂದ ಗುರುಗಳು ಬಂದು ಸತ್ಯವನ್ನು ಸಾರುವರು, ಹಳೆಯ ವ್ಯವಸ್ಥೆ ಮುಗಿಯುವುದು ಎಂದು ತಮ್ಮ ಗ್ರಂಥಗಳಲ್ಲಿ ಬರೆದಿದೆ, ಆ ಗುರುಗಳು ನೀವೇ ಇರಬೇಕು ಎಂಬುದು ಬಂದವರ ಮಾತು.

ಪಾದ್ರಿಗಳಿಗೆ ಹಿಡಿಸಲಾರದಷ್ಟು ಸಂತೋಷವಾಯಿತು, ಜತೆಗೆ ಅನುಮಾನವೂ ಆಯಿತು. ಕ್ರೈಸ್ತರಾದವರನ್ನು ಜಾತಿ ಹೊರಗಿಟ್ಟರೆ ಅವರ ಬದುಕಿಗೆ ದಾರಿ ಏನು ಎಂದು ಯೋಚಿಸಿ, 1841ರಲ್ಲಿ ಗದಗಿನ ಹತ್ತಿರ ಮಲಸಮುದ್ರದಲ್ಲಿ ಒಂದು ಒಕ್ಕಲುತನದ ನೆಲೆಯನ್ನೇ ಏರ್ಪಡಿಸಿದರು. ಆದರೆ ನಿರೀಕ್ಷಿಸಿದಂತೆ ಕಾಲಜ್ಞಾನಿಗಳು ಬಂದು ನೆಲೆಸಲಿಲ್ಲ. ಕಾರಣವನ್ನು ಊಹಿಸುವುದು ಕಷ್ಟವೇನಲ್ಲ. ಅವರು ಕಾಯುತ್ತಿದ್ದುದು ತಮ್ಮದೇ ಗ್ರಂಥ ನುಡಿದ ಹೊಸ ಯುಗಕ್ಕೆ. ತಮ್ಮ ಗುರುಗಳನ್ನು, ಬಂಧುಬಳಗವನ್ನು ಬಿಟ್ಟು ಬರುವುದಕ್ಕಲ್ಲ. ಪಾದ್ರಿಗಳು ಕೇಳುತ್ತಿದ್ದುದೋ ಒಬ್ಬೊಬ್ಬನ ಪಶ್ಚಾತ್ತಾಪವನ್ನು. ಇಬ್ಬರೂ ತಮ್ಮ ತಮ್ಮ ಪುಸ್ತಕದ ಮೂಲಕ ಇನ್ನೊಬ್ಬರನ್ನು ಓದಿಕೊಂಡರು. ಇಬ್ಬರ ಓದೂ ತಪ್ಪಾಯಿತು.

ಗುಳೇದಗುಡ್ಡದ ಕೇಂದ್ರ ಆರಂಭವಾದದ್ದು ಇದಾದ ಹತ್ತು ವರ್ಷಗಳ ಮೇಲೆ. ಇಲ್ಲಿ ಪ್ರಶ್ನೆ ಇನ್ನೂ ಬಿಗಿಯಾಗಿತ್ತು. ನೇಕಾರಿಕೆ ಒಬ್ಬನಿಂದ ಆಗುವ ಕೆಲಸವಲ್ಲ. ನೂಲನ್ನು ಸಾಹುಕಾರ ಸಾಲದ ಮೇಲೆ ಕೊಡಬೇಕು, ಬಣ್ಣ ಹಾಕುವವನು ಬೇರೆ, ಹಾಸು ಹೂಡಲು ನೆರೆಮನೆಯವರ ಕೈ ಬೇಕು, ನೇಯ್ದದ್ದಕ್ಕೆ ಪೇಟೆ ಬೇಕು. ಈ ಸರಪಳಿಯ ಕೊಂಡಿಗಳೆಲ್ಲ ಜಾತಿ, ಬೀಗತನಗಳಿಂದ ಬೆಸೆದವು. ದೀಕ್ಷಾಸ್ನಾನ ಪಡೆದವನಿಗೆ ಪಂಚರು ಬಹಿಷ್ಕಾರ ಹಾಕಿದರೆ ಮಗ್ಗವೂ ನಿಂತಂತೆಯೇ. ಧರ್ಮ ಬಿಟ್ಟವನು ಆಸ್ತಿಯ ಹಕ್ಕು ಕಳೆದುಕೊಳ್ಳಬಾರದೆಂದು ಕಂಪನಿ ಸರಕಾರ 1850ರಲ್ಲಿ 21ನೆಯ ಕಾಯಿದೆಯನ್ನು ತಂದಿತ್ತು ನಿಜ. ಆದರೆ ಕಾಯಿದೆ ಹೊಲದ ಪಾಲನ್ನು ಉಳಿಸಿಕೊಟ್ಟೀತು; ಮಗಳಿಗೆ ವರನನ್ನು, ಹೆಣಕ್ಕೆ ಹೆಗಲು ಕೊಡುವವರನ್ನು ಕೊಡಲಾರದು. ಮಂಗಳೂರಿನಲ್ಲಿ 1844ರಲ್ಲಿ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಪಡೆದಾಗ ಊರೇ ಕದಡಿಹೋದದ್ದು ಪ್ರಸಿದ್ಧ. ಅವರು ಬಾಸೆಲಿನಲ್ಲಿ ಓದಿ ಪಾದ್ರಿಯಾಗಿ ಮರಳಿದರು. ಹೆಸರಿಲ್ಲದ ನೇಕಾರನಿಗೆ ಅಂಥ ದಾರಿ ಇರಲಿಲ್ಲ.

ಮುಂದೆ ಬಂದದ್ದು 1876–78ರ ಮಹಾಕ್ಷಾಮ. ಹಿರಿಯರು ಧಾತು, ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದುದು ಇದನ್ನೇ. ಈ ಸೀಮೆ ಆಗ ಕಲಾದಗಿ ಜಿಲ್ಲೆಗೆ ಸೇರಿತ್ತು. 1872ರಲ್ಲಿ 8 ಲಕ್ಷ ಮೀರಿದ್ದ ಜಿಲ್ಲೆಯ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿದಿತ್ತು. ಸತ್ತವರ, ಗುಳೆ ಹೋದವರ ಲೆಕ್ಕ ಈ ಅಂತರದಲ್ಲಿ ಅಡಗಿದೆ. ತಂದೆತಾಯಿ ಸತ್ತ ಮಕ್ಕಳನ್ನು ಮಿಷನ್ನಿನ ಅನಾಥಾಲಯಗಳು ಸೇರಿಸಿಕೊಂಡವು. ಆ ಮಕ್ಕಳು ಕ್ರೈಸ್ತರಾಗಿ ಬೆಳೆದರು.

ಇದು ಮನವೊಲಿಕೆಯೋ, ಆಮಿಷವೋ, ಬರಿಯ ಕರುಣೆಯೋ? ಗಂಜಿಗಾಗಿ ಬಂದವನ ನಂಬಿಕೆ ಎಷ್ಟು ಗಟ್ಟಿ ಎಂಬ ಶಂಕೆ ಹೊರಗಿನವರದಷ್ಟೇ ಅಲ್ಲ, ಪಾದ್ರಿಗಳದೂ ಆಗಿತ್ತು. ದೀಕ್ಷೆಗೆ ಮುನ್ನ ತಿಂಗಳುಗಟ್ಟಲೆ ಉಪದೇಶ, ನಡತೆಯ ಪರೀಕ್ಷೆ ಇಡುತ್ತಿದ್ದುದು ಆ ಕಾರಣಕ್ಕೇ. ಆದರೆ ಹಸಿದ ಮಗುವಿಗೆ ಆಯ್ಕೆ ಎಂಬುದು ಇರಲಿಲ್ಲ ಎಂಬ ಮಾತನ್ನು ಮರೆಯುವಂತಿಲ್ಲ. ಬಾಗಿಲು ತೆರೆದವರು ಇಲ್ಲದಿದ್ದರೆ ಆ ಮಗುವೇ ಉಳಿಯುತ್ತಿತ್ತೇ ಎಂಬುದನ್ನೂ ಮರೆಯುವಂತಿಲ್ಲ.

ಒಲಿಸಲು ಬಂದವರು ಮೊದಲು ಅರಿಯಬೇಕಾಯಿತು. ಮೋಗ್ಲಿಂಗ್ ದಾಸರ ಪದಗಳನ್ನೂ ಬಸವ ಪುರಾಣವನ್ನೂ ಅಚ್ಚು ಹಾಕಿಸಿದರು. ಹುಬ್ಬಳ್ಳಿ ಕಡೆ ದುಡಿದ ವ್ಯೂರ್ಥ್ 1860ರ ದಶಕದಲ್ಲಿ ಬಸವ ಪುರಾಣ, ಚೆನ್ನಬಸವ ಪುರಾಣಗಳನ್ನು ಇಂಗ್ಲಿಷಿಗೆ ತಂದರು. 1853ರಲ್ಲಿ ಬಂದ ಕಿಟ್ಟೆಲ್ ಯೇಸುವಿನ ಚರಿತೆಯನ್ನು 1862ರಲ್ಲಿ ‘ಕಥಾಮಾಲೆ’ಯಾಗಿ ಕನ್ನಡ ಪದ್ಯಕ್ಕಿಳಿಸಿದರು, 1894ರಲ್ಲಿ ಅವರ ನಿಘಂಟು ಹೊರಬಂದಿತು. ಲಿಂಗಾಯತ ಸಮಾಜ ಅವರ ಮಾತಿಗೆ ಒಲಿಯಲಿಲ್ಲ. ಒಲಿಸುವ ಹಟದಲ್ಲಿ ಕಲಿತ ಕನ್ನಡ ಮಾತ್ರ ಎಲ್ಲರ ಸೊತ್ತಾಯಿತು.

1914ರ ಯುದ್ಧ ಜರ್ಮನ್ ಪಾದ್ರಿಗಳನ್ನು ಸೆರೆಗೂ ಸ್ವದೇಶಕ್ಕೂ ಅಟ್ಟಿತು. ಅವರು ಹೋದ ಮೇಲೆಯೂ ಇಲ್ಲಿಯ ಸಭೆಗಳು ಉಳಿದವು. ಮುಂದೆ ದಕ್ಷಿಣ ಭಾರತ ಸಭೆಯೊಳಗೆ ಸೇರಿದವು. 2022ರಲ್ಲಿ ಕರ್ನಾಟಕ ಮತಾಂತರದ ಬಗ್ಗೆ ಕಾಯಿದೆ ಮಾಡಿ ಆಮಿಷವೆಂದರೇನು ಎಂಬುದಕ್ಕೆ ವಿವರಣೆ ಬರೆಯಿತು. ಆದರೆ ಕಾಲಜ್ಞಾನದ ಗ್ರಂಥ ಹಿಡಿದು ಬಂದವನು, ಮಗ್ಗ ಕಳೆದುಕೊಂಡರೂ ಸರಿಯೆಂದವನು, ಬರದಲ್ಲಿ ಬದುಕುಳಿದ ಮಗು ಈ ಮೂವರಿಗೂ ಒಂದೇ ವಿವರಣೆ ಒಪ್ಪುವುದಿಲ್ಲ. ಕಥೆಯನ್ನು ಹೇಳುವವರು ಹೆಚ್ಚಾಗಿ ಪಾದ್ರಿಗಳು, ಇಲ್ಲವೆ ಅವರ ವಿರೋಧಿಗಳು. ಮತ ಬದಲಿಸಿದವನು ತಾನೇ ಏನೆಂದುಕೊಂಡ ಎಂಬುದನ್ನು ಕೇಳಿದವರು ಕಡಿಮೆ. ನಮ್ಮ ಇತಿಹಾಸದ ಮುಂದಿನ ಓದು ಅಲ್ಲಿಂದ ಶುರುವಾಗಬೇಕು.