ಸೈಕಲ್ ಶರ್ಯತ್ತಿನ ಚರಿತ್ರೆ: ವೇಗ, ತಾಳ್ಮೆ ಮತ್ತು ವಿದ್ಯೆ



ನಮ್ಮ ಹಾರೂಗೇರಿ ಸುತ್ತಮುತ್ತ ಜಾತ್ರೆ, ಉರೂಸು ಬಂತೆಂದರೆ ಎತ್ತಿನ ಗಾಡಿಯ ಶರ್ಯತ್ತಿನ ಜೊತೆಗೆ ಸೈಕಲ್ ಶರ್ಯತ್ತೂ ನಡೆಯುವುದನ್ನು ನೀವೆಲ್ಲ ನೋಡಿದ್ದೀರಿ. ಕಬ್ಬಿನ ಹೊಲಗಳ ನಡುವಿನ ರಸ್ತೆ, ಇಕ್ಕೆಲದಲ್ಲಿ ಜನ, ಹಿಂದೆ ಮೋಟಾರ್ ಸೈಕಲ್ಲುಗಳ ಗದ್ದಲ. ಇಂಥದೊಂದು ಶರ್ಯತ್ತಿನಲ್ಲಿ ಬಹುಮಾನ ಪಡೆದ ನನ್ನ ವಿದ್ಯಾರ್ಥಿಯೊಬ್ಬ ಕಳೆದ ವರ್ಷ ತರಗತಿ ಮುಗಿದ ಮೇಲೆ ಬಂದು, “ಸರ್, ಸೈಕಲ್ ಹೊಡ್ಯೋದ್ರಾಗ ಮುಂದ ಏನರ ಐತೇನ್ರಿ?” ಎಂದು ಕೇಳಿದ. ಆಗಲೇ ಅವನ ಹಾಜರಿ ಕಡಿಮೆಯಾಗಿತ್ತು. ಶಾಲೆ ಬಿಡುವ ಯೋಚನೆಯೂ ಅವನಿಗಿತ್ತು. ಆ ಕ್ಷಣ ನನಗೆ ಉತ್ತರ ತೋಚಲಿಲ್ಲ. ಅದಕ್ಕಾಗಿ ಹುಡುಕಿ ಓದಿದ ಚರಿತ್ರೆಯನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಆಟದ ಕರಾರು

‘ಶರ್ಯತ್ತು’ ಎಂಬ ಮಾತು ನಮಗೆ ಮರಾಠಿಯಿಂದ ಬಂದದ್ದು. ಅದರ ಬೇರು ಅರಬ್ಬಿಯ ‘ಶರ್ತ್’. ಉರ್ದುವಿನಲ್ಲಿ ಶರ್ತ್ ಎಂದರೆ ಕರಾರು, ಪಣ. ಸೈಕಲ್ ಸ್ಪ್ರಿಂಟ್ ಎಂಬ ಅಂತಾರಾಷ್ಟ್ರೀಯ ಆಟಕ್ಕೂ ತನ್ನದೇ ಕರಾರುಗಳಿವೆ. ವೆಲೊಡ್ರೋಮ್ ಎಂದು ಕರೆಯುವ ಅದರ ಕಣ ಅಂಡಾಕಾರವಾಗಿದ್ದು, ಒಂದು ಸುತ್ತು 250 ಮೀಟರ್ ಇರುತ್ತದೆ. ತಿರುವುಗಳಲ್ಲಿ ನೆಲ ಗೋಡೆಯಂತೆ ಏರಿರುತ್ತದೆ. ಸೈಕಲ್ಲಿಗೆ ಬ್ರೇಕ್ ಇಲ್ಲ, ಫ್ರೀವೀಲ್ ಇಲ್ಲ. ಚಕ್ರ ತಿರುಗುವವರೆಗೆ ಪೆಡಲ್ ತಿರುಗಲೇಬೇಕು. ಮೊದಲು ಪ್ರತಿಯೊಬ್ಬನೂ ವೇಗ ಹಿಡಿದು ಬಂದು 200 ಮೀಟರ್ ದೂರವನ್ನು ಒಬ್ಬನೇ ಕ್ರಮಿಸುತ್ತಾನೆ. ಆ ಸಮಯದ ಮೇಲೆ ಜೋಡಿಗಳು ಗೊತ್ತಾಗುತ್ತವೆ. ಬಳಿಕ ಇಬ್ಬಿಬ್ಬರ ನಡುವೆ ನೇರ ಪೈಪೋಟಿ. ಫೈನಲ್‌ನಲ್ಲಿ ಮೂರರಲ್ಲಿ ಎರಡು ಓಟ ಗೆದ್ದವನಿಗೆ ಜಯ.

ಮುಂದೆ ಹೋಗುವವನು ಗಾಳಿಯನ್ನು ಸೀಳುತ್ತಾನೆ, ಹಿಂದಿನವನು ಅವನ ಮರೆಯಲ್ಲಿ ಶಕ್ತಿ ಉಳಿಸಿಕೊಳ್ಳುತ್ತಾನೆ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸೈಕಲ್ ಹೊಡೆಯುವ ಹುಡುಗರಿಗೆ ಈ ಗುಟ್ಟು ಗೊತ್ತು. (ಅದು ಜೀವಕ್ಕೆ ಅಪಾಯ, ದಯವಿಟ್ಟು ಮಾಡಬೇಡಿ.) ಆದ್ದರಿಂದ ಸ್ಪ್ರಿಂಟಿನಲ್ಲಿ ಮೊದಲು ಮುಂದೆ ಹೋಗಲು ಯಾರಿಗೂ ಮನಸ್ಸಿರುವುದಿಲ್ಲ. ನಿಧಾನವಾಗಿ ಸಾಗುತ್ತಾರೆ, ಹಿಂದಿರುಗಿ ನೋಡುತ್ತಾರೆ, ಕೆಲವೊಮ್ಮೆ ಕಾಲು ಊರದೆ ನಿಂತೇ ಬಿಡುತ್ತಾರೆ. 1908ರ ಲಂಡನ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಸವಾರರು ಹೀಗೆ ಕಾದು ಕಾದು ನಿಗದಿತ ಸಮಯ ಮೀರಿದ್ದರಿಂದ ಪದಕವನ್ನು ಯಾರಿಗೂ ಕೊಡಲಿಲ್ಲ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಇಟಲಿಯ ಪೆಟ್ಟೆನೆಲ್ಲಾ ಮತ್ತು ಫ್ರಾನ್ಸಿನ ಟ್ರೆಂಟಿನ್ 21 ನಿಮಿಷ 57 ಸೆಕೆಂಡ್ ಕದಲದೆ ನಿಂತರು! ಆ ಓಟಗಳಲ್ಲಿ ಚಿನ್ನ ಗೆದ್ದವನು ಪೆಟ್ಟೆನೆಲ್ಲಾ. ಕಾಲಿನ ಬಲದಷ್ಟೇ ತಾಳ್ಮೆಯೂ ಬೇಕಾದ ಆಟವಿದು.

ಮೇಜರ್ ಟೇಲರ್

ವಿಶ್ವ ಚಾಂಪಿಯನ್‌ಷಿಪ್ 1893ರಲ್ಲಿ ಅಮೆರಿಕದ ಷಿಕಾಗೊದಲ್ಲಿ ಆರಂಭವಾಯಿತು. ಆರು ವರ್ಷಗಳ ನಂತರ, 1899ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ ಒಂದು ಮೈಲಿ ಸ್ಪ್ರಿಂಟ್ ಗೆದ್ದವನು ಮಾರ್ಷಲ್ ಟೇಲರ್ ಎಂಬ ಕಪ್ಪು ತರುಣ. 1878ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದ ಅವನು ಬಾಲ್ಯದಲ್ಲಿ ಸೈಕಲ್ ಅಂಗಡಿಯ ಮುಂದೆ ಸೈನಿಕನ ಉಡುಪು ತೊಟ್ಟು ಕಸರತ್ತು ತೋರಿಸುತ್ತಿದ್ದ. ಹಾಗಾಗಿ ಜನ ಅವನನ್ನು ‘ಮೇಜರ್’ ಎಂದರು. ಬಣ್ಣದ ಕಾರಣಕ್ಕೆ ಅವನಿಗೆ ಹಲವು ಕಣಗಳ ಬಾಗಿಲು ಮುಚ್ಚಿದ್ದವು. 1897ರಲ್ಲಿ ಒಂದು ಓಟ ಮುಗಿದ ಮೇಲೆ ಎದುರಾಳಿಯೊಬ್ಬ ಅವನು ಪ್ರಜ್ಞೆ ತಪ್ಪುವವರೆಗೆ ಕುತ್ತಿಗೆ ಹಿಸುಕಿದ. ಭಾನುವಾರ ತನ್ನ ಪ್ರಾರ್ಥನೆಯ ದಿನವೆಂದು ಅಂದು ಓಡಲು ನಿರಾಕರಿಸಿ ದೊಡ್ಡ ಮೊತ್ತವನ್ನೂ ಬಿಟ್ಟುಕೊಟ್ಟ. ಇಷ್ಟೆಲ್ಲ ಆದರೂ ಯುರೋಪು ಮತ್ತು ಆಸ್ಟ್ರೇಲಿಯಾದಲ್ಲಿ ಸಾವಿರಾರು ಜನ ಅವನನ್ನು ನೋಡಲು ನೆರೆಯುತ್ತಿದ್ದರು.

ಆದರೆ ಅವನ ಕೊನೆ ಕೇಳಿದರೆ ಮನಸ್ಸು ಭಾರವಾಗುತ್ತದೆ. 1910ರಲ್ಲಿ ನಿವೃತ್ತನಾದ ಮೇಲೆ ಗಳಿಸಿದ ಹಣ ವ್ಯಾಪಾರದಲ್ಲಿ ಕರಗಿತು. 1928ರಲ್ಲಿ ಸ್ವಂತ ಖರ್ಚಿನಲ್ಲಿ ಆತ್ಮಕಥೆ ಅಚ್ಚು ಹಾಕಿಸಿ ಮನೆಮನೆಗೆ ಹೋಗಿ ಮಾರಿದ. 1932ರಲ್ಲಿ ಷಿಕಾಗೊದ ಆಸ್ಪತ್ರೆಯ ಧರ್ಮಾರ್ಥ ವಾರ್ಡಿನಲ್ಲಿ ತೀರಿಕೊಂಡ. ಬಡವರ ಗುಂಡಿಯಲ್ಲಿ ಮಣ್ಣಾದ. 1948ರಲ್ಲಿ ಹಳೆಯ ಸೈಕಲ್ ಸವಾರರು ಸೇರಿ ಅವನಿಗೆ ಗೌರವದ ಸಮಾಧಿ ಮಾಡಿಸಿದರು. ಪದಕ ಗೆಲ್ಲುವುದು ಒಂದು ವಿದ್ಯೆಯಾದರೆ, ಗೆದ್ದ ಮೇಲೆ ಬಾಳುವುದು ಇನ್ನೊಂದು ವಿದ್ಯೆ ಎಂಬುದನ್ನು ಅವನ ಬದುಕು ನಮಗೆ ಕಲಿಸುತ್ತದೆ.

ಏಷ್ಯಾದ ಸರದಿ

ಈ ಆಟ ಬಹುಕಾಲ ಯುರೋಪಿನವರ ಸೊತ್ತಾಗಿತ್ತು. ಜಪಾನಿನ ಕೊಇಚಿ ನಕಾನೊ 1977ರಿಂದ 1986ರವರೆಗೆ ಸತತ 10 ಬಾರಿ ವೃತ್ತಿಪರರ ವಿಶ್ವ ಸ್ಪ್ರಿಂಟ್ ಪಟ್ಟ ಗೆದ್ದು ಆ ಭಾವನೆಯನ್ನು ಅಳಿಸಿಹಾಕಿದರು. ಜಪಾನಿನಲ್ಲಿ 1948ರಿಂದಲೇ ‘ಕೇರಿನ್’ ಎಂಬ ಸೈಕಲ್ ಪಂದ್ಯ ಬೇರೂರಿತ್ತು. ಸವಾರರಿಗೆ ತರಬೇತಿ ಕೊಡಲು ಪ್ರತ್ಯೇಕ ಶಾಲೆಯೇ ಇತ್ತು. ಅಂಥ ವ್ಯವಸ್ಥೆಯ ಬೆಳೆಯೇ ನಕಾನೊ.

ಮಲೇಷ್ಯಾದ ತೆರೆಂಗಾನು ಸೀಮೆಯ ಅಜೀಜುಲ್‌ಹಸ್ನಿ ಅವಾಂಗ್ 2009ರ ವಿಶ್ವ ಚಾಂಪಿಯನ್‌ಷಿಪ್ ಸ್ಪ್ರಿಂಟಿನಲ್ಲಿ ಬೆಳ್ಳಿ ಪಡೆದರು. 2011ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಕೇರಿನ್ ಓಟದ ವೇಳೆ ಬಿದ್ದಾಗ ಕಣದ ಕಟ್ಟಿಗೆಯ ಚೂರು ಅವರ ಮೀನಖಂಡವನ್ನು ತೂರಿ ಹೊರಬಂತು. ಆದರೂ ಎದ್ದು ಸೈಕಲ್ ಹತ್ತಿ ಗುರಿ ಮುಟ್ಟಿದರು. 2017ರಲ್ಲಿ ಕೇರಿನ್‌ನ ವಿಶ್ವ ಚಾಂಪಿಯನ್ ಆದರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಕಂಚು, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಅವರದಾಯಿತು. ಈ ಸಾಧನೆಯ ಹಿಂದೆ ಅವರನ್ನು ಆಸ್ಟ್ರೇಲಿಯಾದಲ್ಲಿಟ್ಟು ವರ್ಷಾನುಗಟ್ಟಲೆ ತರಬೇತಿ ಕೊಡಿಸಿದ ಅವರ ದೇಶದ ತಾಳ್ಮೆಯೂ ಇದೆ.

ಇನ್ನು ವೇಗದ ಮಾತು. ಮೌಲಾನಾ ರೂಮಿಯವರ ಸಮಾಧಿ ಇರುವ ತುರ್ಕಿಯ ಕೊನ್ಯಾ ನಗರದಲ್ಲಿ 2025ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಮ್ಯಾಥ್ಯೂ ರಿಚರ್ಡ್‌ಸನ್ 200 ಮೀಟರನ್ನು 8.857 ಸೆಕೆಂಡಿನಲ್ಲಿ ಕ್ರಮಿಸಿದರು. ಅಂದರೆ ಗಂಟೆಗೆ 81 ಕಿಲೋಮೀಟರಿಗೂ ಹೆಚ್ಚು ವೇಗ!

ನಮ್ಮ ದೇಶ, ನಮ್ಮ ಸೀಮೆ

ಭಾರತದ ಕಥೆ ತಡವಾಗಿ ಶುರುವಾದರೂ ಅಭಿಮಾನ ಪಡುವಂಥದ್ದು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ಒಳಾಂಗಣ ವೆಲೊಡ್ರೋಮ್ ಕಟ್ಟಲಾಯಿತು. ಕೂಟ ಮುಗಿದ ಮೇಲೆ ಅಲ್ಲಿಯೇ ರಾಷ್ಟ್ರೀಯ ತರಬೇತಿ ಬೆಳೆಯಿತು. ಅಂಡಮಾನ್ ನಿಕೋಬಾರಿನ ಈಸೊ ಅಲ್ಬೆನ್ 2018ರ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕೇರಿನ್ ಬೆಳ್ಳಿ ತಂದರು. 2019ರಲ್ಲಿ ಈಸೊ, ಮಣಿಪುರದ ರೊನಾಲ್ಡೊ ಸಿಂಗ್ ಮತ್ತು ರೋಜಿತ್ ಸಿಂಗ್ ಜೂನಿಯರ್ ತಂಡ ಸ್ಪ್ರಿಂಟಿನಲ್ಲಿ ವಿಶ್ವ ಚಿನ್ನ ಗೆದ್ದರು. 2022ರಲ್ಲಿ ರೊನಾಲ್ಡೊ ಏಷ್ಯನ್ ಚಾಂಪಿಯನ್‌ಷಿಪ್‌ನ ಸ್ಪ್ರಿಂಟಿನಲ್ಲಿ ಬೆಳ್ಳಿ ಪಡೆದರು. ಈಸೊ, ರೊನಾಲ್ಡೊ ಇಬ್ಬರೂ ಮಹಾನಗರಗಳಿಂದ ಬಂದವರಲ್ಲ, ದೇಶದ ಅಂಚಿನಿಂದ ಬಂದವರು ಎಂಬುದನ್ನು ಗಮನಿಸಿ.

ನಮ್ಮ ಉತ್ತರ ಕರ್ನಾಟಕವೂ ಸೈಕಲ್ಲಿನ ನಾಡೇ. ವಿಜಯಪುರ ಮತ್ತು ಬಾಗಲಕೋಟೆಯ ಕ್ರೀಡಾ ನಿಲಯಗಳಲ್ಲಿ ಬೆಳೆದ ರೈತರ, ಕೂಲಿಕಾರರ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದ ಭಾರತ ತಂಡದಲ್ಲಿ ನಮ್ಮ ಸೀಮೆಯ ವೆಂಕಪ್ಪ ಕೆಂಗಲಗುತ್ತಿ ಇದ್ದರು. ಅವರದು ಸ್ಪ್ರಿಂಟ್ ಅಲ್ಲ, ನಾಲ್ವರು ಕೂಡಿ ಓಡುವ ಪರ್ಸ್ಯೂಟ್. ನಮ್ಮ ಹುಡುಗರು ದೀರ್ಘ ಓಟಗಳಲ್ಲಿ ಹೆಸರು ಮಾಡಲು ಕಾರಣವಿದೆ: ಅವರು ಕಲಿಯುವುದು ಡಾಂಬರು ರಸ್ತೆಯಲ್ಲಿ. ಸ್ಪ್ರಿಂಟ್ ಕಲಿಯಲು ಏರು ತಿರುವಿನ ಕಣವೇ ಬೇಕು. ಕಣವಿದ್ದ ಕಡೆ ಚಾಂಪಿಯನ್ನರು ಹುಟ್ಟುತ್ತಾರೆ ಎಂಬುದನ್ನು ಮೇಲಿನ ಚರಿತ್ರೆಯೇ ಹೇಳುತ್ತದೆ.

ನನ್ನ ವಿದ್ಯಾರ್ಥಿಗೆ ನಾನು ಕೊಟ್ಟ ಉತ್ತರ

“ಮುಂದ ಐತೋ ಮಾರಾಯ, ಆದರ ಸಾಲಿ ಬಿಟ್ಟವಗ ಇಲ್ಲ” ಎಂದು ಅವನಿಗೆ ಹೇಳಿದೆ. ಕ್ರೀಡಾ ನಿಲಯಕ್ಕೆ ಆಯ್ಕೆಯಾದರೂ ಅಲ್ಲಿಂದ ಶಾಲೆಗೆ ಹೋಗಲೇಬೇಕು. ಕ್ರೀಡೆಯ ಮೀಸಲಾತಿಯಲ್ಲಿ ನೌಕರಿ ಸಿಗಬೇಕಾದರೂ ಕೈಯಲ್ಲಿ ಅಂಕಪಟ್ಟಿ ಬೇಕು. ಟೇಲರನ ಕಥೆಯನ್ನೂ ಪೂರ್ತಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು ಹೋದ. ಈ ವರ್ಷ ಅವನು ಎಸ್.ಎಸ್.ಎಲ್.ಸಿ. ಓದುತ್ತಿದ್ದಾನೆ, ಶಾಲೆಗೆ ದಿನಾಲೂ ಸೈಕಲ್ಲಿನ ಮೇಲೆಯೇ ಬರುತ್ತಾನೆ.

ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ಜಾತ್ರೆಯ ಶರ್ಯತ್ತಿನಲ್ಲಿ ಗೆದ್ದ ಹುಡುಗನಿಗೆ ಶಾಲು ಹೊದಿಸಿ ಕಳಿಸಿದರೆ ಸಾಲದು. ಕ್ರೀಡಾ ನಿಲಯದ ಆಯ್ಕೆ ಎಂದು, ಎಲ್ಲಿ ಎಂಬುದನ್ನು ಅವನ ತಂದೆ ತಾಯಿಗೆ ತಿಳಿಸೋಣ, ಅರ್ಜಿ ತುಂಬಿಕೊಡೋಣ, ಒಂದು ಹೆಲ್ಮೆಟ್ ಕೊಡಿಸೋಣ. ವಿದ್ಯಾರ್ಥಿಗಳೇ, ಉರ್ದುವಿನಲ್ಲಿ ‘ರಫ್ತಾರ್’ ಎಂದರೆ ವೇಗ, ‘ಸಬ್ರ್’ ಎಂದರೆ ತಾಳ್ಮೆ. ರಫ್ತಾರ್ ನಿಮ್ಮ ಕಾಲಲ್ಲಿ ಈಗಾಗಲೇ ಇದೆ. ಸಬ್ರ್ ಕಲಿಯಲು ಶಾಲೆಗಿಂತ ಒಳ್ಳೆಯ ಕಣ ಇನ್ನೊಂದಿಲ್ಲ.