ಗ್ರಹಣದಿಂದ ಗ್ಯಾಲಕ್ಸಿಗೆ: ಬಾಗಿದ ಬೆಳಕಿನ ಚರಿತ್ರೆ

ಕನ್ನಡ ನಾಡಿನ ಶಾಸನಗಳಲ್ಲಿ ಸೂರ್ಯಗ್ರಹಣವು ದಾನದ ಪುಣ್ಯಕಾಲ. ಬಸದಿಗೋ ದೇಗುಲಕ್ಕೋ ಭೂಮಿಯನ್ನು ಬಿಟ್ಟ ತಿಥಿಯನ್ನು ಗ್ರಹಣದೊಡನೆ ಹೇಳಿರುವುದರಿಂದ ಎಷ್ಟೋ ಶಾಸನಗಳ ಕಾಲವನ್ನು ವಿದ್ವಾಂಸರು ಪರಿಶೀಲಿಸಲು ಸಾಧ್ಯವಾಗಿದೆ. ಇಪ್ಪತ್ತನೆಯ ಶತಮಾನದಲ್ಲಿ ಅದೇ ಗ್ರಹಣ ಇನ್ನೊಂದು ಸಂಗತಿಗೆ ಸಾಕ್ಷಿ ನುಡಿಯಿತು: ಗುರುತ್ವವು ಬೆಳಕನ್ನೂ ಬಾಗಿಸುತ್ತದೆ.

ಸೂರ್ಯನ ಅಂಚನ್ನು ಸವರಿ ಬರುವ ನಕ್ಷತ್ರದ ಬೆಳಕು 1.75 ವಿಕಲೆಯಷ್ಟು ಬಾಗಬೇಕೆಂದು ಐನ್‌ಸ್ಟೈನ್ 1915ರಲ್ಲಿ ಗಣಿಸಿದರು. ನ್ಯೂಟನ್ನನ ತತ್ತ್ವದಿಂದ ದೊರೆಯುವುದು ಇದರ ಅರ್ಧ ಮಾತ್ರ. ಒಂದು ವಿಕಲೆಯೆಂದರೆ ಅಂಶದ 3600ನೆಯ ಒಂದು ಪಾಲು. ಸೂರ್ಯನ ಬದಿಯ ನಕ್ಷತ್ರಗಳು ಅಂದು ಕಾಣುತ್ತಿದ್ದುದು ಪೂರ್ಣಗ್ರಹಣದಲ್ಲಿ ಮಾತ್ರ. 1919ರ ಮೇ 29ರಂದು ಬ್ರೆಜಿಲ್ಲಿನ ಸೋಬ್ರಾಲ್‌ನಲ್ಲಿ ಮತ್ತು ಆಫ್ರಿಕದ ಪ್ರಿನ್ಸಿಪಿ ದ್ವೀಪದಲ್ಲಿ ತೆಗೆದ ಛಾಯಾಚಿತ್ರಗಳು ಐನ್‌ಸ್ಟೈನರ ಲೆಕ್ಕಕ್ಕೇ ಒಲಿದವು. 1922ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ಜಾನ್ ಎವರ್‌ಶೆಡ್ ಇದೇ ಪರೀಕ್ಷೆಗಾಗಿ ಆಸ್ಟ್ರೇಲಿಯದ ವಾಲಾಲ್‌ಗೆ ಹೋದರಾದರೂ ಉಪಕರಣಗಳ ತೊಡಕಿನಿಂದ ಫಲ ದೊರೆಯಲಿಲ್ಲ.

1980ರ ಫೆಬ್ರವರಿ 16ರ ಮಧ್ಯಾಹ್ನ ಚಂದ್ರನ ನೆರಳು ಅಂಕೋಲೆಯ ಕರಾವಳಿಯಿಂದ ಹುಬ್ಬಳ್ಳಿ, ಗದಗಗಳ ಮೇಲೆ ಹಾಯ್ದು ರಾಯಚೂರಿನತ್ತ ಸಾಗಿತು. ಕೇಶ್ವಾಪುರವೂ ಆ ಪೂರ್ಣಗ್ರಹಣದ ಪಟ್ಟಿಯೊಳಗಿತ್ತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಬೀಡುಬಿಟ್ಟು ಸೂರ್ಯನ ಪ್ರಭಾವಲಯವನ್ನು ಅಭ್ಯಸಿಸಿದರು.

ಅಷ್ಟರಲ್ಲಿ ಬಾಗುವ ಬೆಳಕಿನ ಪ್ರಶ್ನೆ ಸೂರ್ಯನನ್ನು ದಾಟಿ ಬಹುದೂರ ಹೋಗಿತ್ತು. ಗ್ಯಾಲಕ್ಸಿಯೊಂದು ತನ್ನ ಹಿಂದಿನ ಬೆಳಕಿಗೆ ಮಸೂರವಾಗಬಲ್ಲುದೆಂದು ಫ್ರಿಟ್ಸ್ ಜ್ವಿಕಿ 1937ರಲ್ಲೇ ಸೂಚಿಸಿದ್ದರು. 1979ರಲ್ಲಿ ವಾಲ್ಷ್, ಕಾರ್ಸ್‌ವೆಲ್, ವೇಮನ್ ಎಂಬ ಮೂವರು ಸುಮಾರು 6 ವಿಕಲೆ ಅಂತರದ ಎರಡು ಕ್ವೇಸಾರ್‌ಗಳ ವರ್ಣಪಟಲ ಒಂದೇ ಬಗೆಯದಾಗಿರುವುದನ್ನು ಕಂಡರು. ಅವು ಎರಡಲ್ಲ, ನಡುವಣ ಗ್ಯಾಲಕ್ಸಿಯ ಗುರುತ್ವ ಒಂದನ್ನೇ ಎರಡಾಗಿ ತೋರಿಸಿತ್ತು. ಗ್ಯಾಲಕ್ಸಿಯ ಹೊರವಲಯದ ನಕ್ಷತ್ರಗಳು ಹೀಗೆ ಬೆಳಕನ್ನು ಚದುರಿಸುವ ಬಗೆಯನ್ನು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ರಾಜಾರಾಮ್ ನಿತ್ಯಾನಂದರು ಜೆ. ಪಿ. ಆಸ್ಟ್ರೈಕರ್ ಅವರೊಡನೆ 1984ರಲ್ಲಿ ಗಣಿತದಿಂದ ನಿರೂಪಿಸಿದರು.

ಬಿಂಬಗಳ ಅಂತರ ಹೆಚ್ಚಿದಷ್ಟೂ ನಡುವಣ ದ್ರವ್ಯರಾಶಿ ಹೆಚ್ಚು. ಈ ಅಳತೆ ಬೆಳಗುವ ದ್ರವ್ಯವನ್ನಷ್ಟೇ ಅಲ್ಲ, ಬೆಳಗದ ದ್ರವ್ಯವನ್ನೂ ಲೆಕ್ಕಕ್ಕೆ ತರುತ್ತದೆ. ಶಾಸನವನ್ನು ಓದುವವರಿಗೆ ಈ ವಿಧಾನ ಅಪರಿಚಿತವಲ್ಲ. ದಾನ ಬರೆಸಿದವನ ಉದ್ದೇಶ ಪುಣ್ಯ. ಅದರೊಳಗಿನ ಗ್ರಹಣದಿಂದ ನಾವು ಪಡೆಯುವುದು ಕಾಲ. ದೂರದ ಬೆಳಕೂ ಹಾಗೆಯೇ: ಅದು ತನ್ನ ಮೂಲವನ್ನು ಮಾತ್ರ ಹೇಳುವುದಿಲ್ಲ, ಹಾದುಬಂದ ದಾರಿಯಲ್ಲಿ ಏನಿತ್ತೆಂಬುದನ್ನೂ ಹೇಳುತ್ತದೆ.